ಹನ್ನಳು ಹೊಲಿದ ಅಂಗಿ

ಮಕ್ಕಳನ್ನು ವಸತಿ ಶಾಲೆಗೆ ಕಳುಹಿಸುವ ತಂದೆತಾಯಿಗಳಿಗೆ ಒಂದು ಪ್ರಸಂಗ

(ಓದತಕ್ಕ ಭಾಗ: 1 ಸಮುವೇಲ, 1ರಿಂದ 3ನೆಯ ಅಧ್ಯಾಯಗಳು)



ಪರೀಕ್ಷೆಗಳ ಫಲವು ಹೊರಬಿದ್ದು, ಮುಂಗಾರಿನ ಮೊದಲ ಮಳೆಯು ನೆಲವನ್ನು ತೋಯಿಸುವ ಈ ದಿನಗಳಲ್ಲಿ ನಮ್ಮ ಸಭೆಯ ಎಷ್ಟೋ ಮನೆಗಳಲ್ಲಿ ಒಂದು ಟ್ರಂಕು ಅಟ್ಟದಿಂದ ಇಳಿದು ನಡುಮನೆಗೆ ಬಂದಿದೆ. ಒಂದು ಮನೆಯಿಂದ ಮಗನು ಹಾಸ್ಟೆಲಿನಲ್ಲಿದ್ದು ಪಟ್ಟಣದ ಪದವಿಪೂರ್ವ ಕಾಲೇಜಿನಲ್ಲಿ ಓದುವದಕ್ಕೆ ಹೊರಟಿದ್ದಾನೆ. ಇನ್ನೊಂದು ಮನೆಯಿಂದ ಮಗಳು ಆರನೆಯ ತರಗತಿಗಾಗಿ ಸರಕಾರದ ವಸತಿ ಶಾಲೆಗೆ ಹೋಗಲಿದ್ದಾಳೆ. ತಂದೆಯು ಹಣವನ್ನು ಎಣಿಸಿ ನೋಡುತ್ತಾನೆ. ತಾಯಿಯು ಚಟ್ನಿಪುಡಿ ಕುಟ್ಟುತ್ತಾಳೆ. ನೆರೆಹೊರೆಯವರು ಬಂದು ಬುದ್ಧಿ ಹೇಳಿ ಹೋಗುತ್ತಾರೆ. ಹೋಗತಕ್ಕ ಮಗು ಮಾತ್ರ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತದೆ. ಆ ಮಗುವನ್ನು ಯಾರೂ ಏನನ್ನೂ ಕೇಳುವದಿಲ್ಲ. ಆದದರಿಂದ ಈ ತಿಂಗಳು ಇದೇ ವಿಷಯವಾಗಿ ನಿಮ್ಮೊಡನೆ ಮಾತಾಡಬೇಕೆಂದು ನನ್ನ ಮನಸ್ಸಿಗೆ ಬಂತು.

ಮಗುವನ್ನು ದೂರಕ್ಕೆ ಕಳುಹಿಸಿದ ಒಬ್ಬ ತಾಯಿಯ ಸಂಗತಿಯನ್ನು ಸತ್ಯವೇದದಲ್ಲಿ ಓದುತ್ತೇವೆ. ಎಲ್ಕಾನನ ಹೆಂಡತಿಯಾದ ಹನ್ನಳು ಬಹು ದಿನ ಮಕ್ಕಳಿಲ್ಲದೆ ಅತ್ತವಳು. ದೇವರು ಅವಳ ಮೊರೆಯನ್ನು ಕೇಳಿ ಸಮುವೇಲನನ್ನು ಕೊಟ್ಟನು. ಅವಳು ತನ್ನ ಹರಕೆಯಂತೆ ಮೊಲೆ ಬಿಡಿಸಿದ ಮೇಲೆ ಆ ಕೂಸನ್ನು ಶೀಲೋವಿಗೆ ಕರೆದುಕೊಂಡು ಹೋಗಿ ಯಾಜಕನಾದ ಏಲಿಯ ಬಳಿಯಲ್ಲಿ ಬಿಟ್ಟು ಬಂದಳು. ಸಂಗತಿಯು ಅಲ್ಲಿಗೆ ಮುಗಿಯಲಿಲ್ಲ. ವರುಷ ವರುಷವೂ ಯಜ್ಞಕ್ಕೆ ಹೋಗುವಾಗ ಆ ತಾಯಿಯು ಮಗನಿಗೋಸ್ಕರ ಒಂದು ಚಿಕ್ಕ ಮೇಲಂಗಿಯನ್ನು ಹೊಲಿದು ತೆಗೆದುಕೊಂಡು ಹೋಗುತ್ತಿದ್ದಳೆಂದು ಎರಡನೆಯ ಅಧ್ಯಾಯದಲ್ಲಿ ಬರೆದದೆ. ಅರಸರ ಯುದ್ಧಗಳೂ ಪ್ರವಾದಿಗಳ ಕಾರ್ಯಗಳೂ ಬರೆಯಲ್ಪಟ್ಟ ಗ್ರಂಥದಲ್ಲಿ ಒಂದು ಮಗುವಿನ ಅಂಗಿಗೆ ಸ್ಥಳ ದೊರಕಿತು. ಆ ಅಂಗಿಯೇ ಇಂದಿನ ನನ್ನ ಪ್ರಸಂಗದ ವಿಷಯವು.

ತಾಯಂದಿರೇ, ಇದನ್ನು ಆಲೋಚಿಸಿರಿ. ಬೆಳೆಯುವ ಮಗುವಿಗೆ ಹೋದ ವರುಷದ ಅಂಗಿ ಈ ವರುಷ ಹಿಡಿಸುವದಿಲ್ಲ. ವರುಷಕ್ಕೊಂದಾವರ್ತಿ ಮಗನ ಮುಖ ನೋಡುವ ಹನ್ನಳಿಗೆ ಅಳತೆ ಹೇಗೆ ತಿಳಿಯಿತು? ಗ್ರಂಥವು ಹೇಳುವದಿಲ್ಲ, ಆದರೆ ನಿಮಗೆ ತಿಳಿದದೆ. ಹಿಂದಿನ ಸಾರಿ ಮಗನನ್ನು ಹತ್ತಿರ ನಿಲ್ಲಿಸಿಕೊಂಡು ಭುಜದಿಂದ ಮಣಿಕಟ್ಟಿನ ವರೆಗೆ ಗೇಣು ಹಾಕಿ ನೋಡಿರಬೇಕು. ವರುಷವೆಲ್ಲಾ ಅವನನ್ನು ನೆನಸಿಕೊಂಡು ಎಷ್ಟು ಬೆಳೆದಿರುವನೋ ಎಂದು ಲೆಕ್ಕ ಹಾಕಿರಬೇಕು. ಇನ್ನೊಂದು ಸಂಗತಿಯೂ ಉಂಟು. ಅದೇ ಮನೆಯಲ್ಲಿ ಪೆನಿನ್ನಳೂ ಅವಳ ಮಕ್ಕಳೂ ಇದ್ದರು. ಹನ್ನಳನ್ನು ಬಹು ಕಾಲ ಹಂಗಿಸಿ ಅಳಿಸಿದವಳು ಅವಳೇ. ಪೆನಿನ್ನಳು ನೋಡಿ ಹೊಟ್ಟೆ ಉರಿದುಕೊಳ್ಳಲಿ ಎಂದು ಹನ್ನಳು ಹೊಲಿದಿದ್ದರೆ ಆ ಅಂಗಿಯು ಇನ್ನೂ ದೊಡ್ಡದಾಗಿಯೂ ಜರಿಯುಳ್ಳದ್ದಾಗಿಯೂ ಇರುತ್ತಿತ್ತು. ಸಮುವೇಲನು ಅದನ್ನು ಎಡವಿ ಬೀಳುತ್ತಿದ್ದನು. ಆದರೆ ಅದು ಚಿಕ್ಕ ಅಂಗಿಯಾಗಿತ್ತು, ಮಗನ ಅಳತೆಯದಾಗಿತ್ತು.

ಮಗುವನ್ನು ವಸತಿ ಶಾಲೆಗೆ ಕಳುಹಿಸುವವರು ಈ ಅಂಗಿಯಿಂದ ಮೂರು ಪಾಠಗಳನ್ನು ಕಲಿಯಬಹುದು.

1. ಅಂಗಿಯನ್ನು ಮಗುವಿನ ಅಳತೆಗೆ ಕತ್ತರಿಸಿರಿ

ಮಗುವು ಯಾವ ವಿದ್ಯೆಯನ್ನು ಓದಬೇಕೆಂಬದನ್ನು ಅದರ ಅಳತೆಯನ್ನು ನೋಡಿ ನಿಶ್ಚಯಿಸತಕ್ಕದ್ದು. ಎಸ್.ಎಸ್.ಎಲ್.ಸಿ. ಮುಗಿದ ಮಗುವಿನ ಮುಂದೆ ಹಲವು ದಾರಿಗಳಿರುತ್ತವೆ. ಇವು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಸ್ಪಷ್ಟವಾಗಿ ತಿಳಿಯದೆ ಇರುವದರಿಂದ ಸ್ವಲ್ಪ ವಿವರಿಸುತ್ತೇನೆ.

ಪದವಿಪೂರ್ವ ಶಿಕ್ಷಣವು ಎರಡು ವರುಷಗಳದ್ದು. ಅದರಲ್ಲಿ ಎರಡು ಭಾಷೆಗಳನ್ನೂ ನಾಲ್ಕು ಐಚ್ಛಿಕ ವಿಷಯಗಳನ್ನೂ ಓದಬೇಕು. ವಿಜ್ಞಾನ ವಿಭಾಗದಲ್ಲಿ ಭೌತಶಾಸ್ತ್ರ ರಸಾಯನಶಾಸ್ತ್ರಗಳ ಸಂಗಡ ಗಣಿತ, ಜೀವಶಾಸ್ತ್ರ, ಕಂಪ್ಯೂಟರ್ ವಿಜ್ಞಾನ ಮುಂತಾದವುಗಳಿಂದ ಆರಿಸಿಕೊಳ್ಳಬಹುದು. ಎಂಜಿನಿಯರಾಗಬೇಕೆಂಬವನಿಗೆ ಗಣಿತವು ಬೇಕು. ವೈದ್ಯನಾಗಬೇಕೆಂಬವನಿಗೂ ನಾಲ್ಕು ವರುಷದ ಬಿ.ಎಸ್ಸಿ. ನರ್ಸಿಂಗ್ ಓದಬೇಕೆಂಬವಳಿಗೂ ಜೀವಶಾಸ್ತ್ರವು ಬೇಕು. ವಾಣಿಜ್ಯ ವಿಭಾಗದಲ್ಲಿ ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ, ಅರ್ಥಶಾಸ್ತ್ರಗಳುಂಟು. ಬ್ಯಾಂಕಿನ ಕೆಲಸಕ್ಕೂ ಲೆಕ್ಕಪರಿಶೋಧನೆಗೂ ವ್ಯಾಪಾರಕ್ಕೂ ಅದು ಹಾದಿಯಾಗಿದೆ. ಕಲಾ ವಿಭಾಗದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಮುಂತಾದವುಗಳುಂಟು. ಕಲೆ ಓದಿದವನು ದಡ್ಡನೆಂದು ನಮ್ಮಲ್ಲಿ ಒಂದು ಮಾತು ಹಬ್ಬಿದೆ; ಅದು ಸುಳ್ಳು. ಪದವಿಪೂರ್ವ ಪರೀಕ್ಷೆಯಾದ ಮೇಲೆ ಐದು ವರುಷದ ಕಾನೂನು ಶಿಕ್ಷಣಕ್ಕೆ ಯಾವ ವಿಭಾಗದವರಾದರೂ ಸೇರಬಹುದು. ಶಿಕ್ಷಕರೂ ವಕೀಲರೂ ಅಧಿಕಾರಿಗಳೂ ಎಷ್ಟೋ ಮಂದಿ ಈ ಬಾಗಿಲಿನಿಂದಲೇ ಹೋದವರು.

ಇವಲ್ಲದೆ ಕೈಕೆಲಸದ ವಿದ್ಯೆಯೂ ಉಂಟು. ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಕೆಲಸಗಳನ್ನು ಎರಡು ವರುಷ ಕಲಿಸುತ್ತಾರೆ. ವೆಲ್ಡರ್ ಕೆಲಸಕ್ಕೆ ಒಂದು ವರುಷ ಸಾಕು. ಪಾಲಿಟೆಕ್ನಿಕ್ಕಿನ ಡಿಪ್ಲೊಮಾ ಮೂರು ವರುಷದ್ದು. ಅದನ್ನು ಚೆನ್ನಾಗಿ ಮುಗಿಸಿದವನು ಎಂಜಿನಿಯರಿಂಗ್ ಪದವಿಯ ಎರಡನೆಯ ವರುಷಕ್ಕೆ ನೇರವಾಗಿ ಸೇರುವದಕ್ಕೆ ಅವಕಾಶ ಉಂಟು. ಹೀಗಿರಲಾಗಿ ಕೈಕೆಲಸ ಕಲಿತವನಿಗೆ ಮೇಲಿನ ಮೆಟ್ಟಲು ಮುಚ್ಚಿತೆಂದು ಯಾರೂ ತಿಳಿಯಬಾರದು.

ಕೈಕೆಲಸವು ಕೀಳೆಂಬ ಭಾವನೆ ಕ್ರೈಸ್ತರಲ್ಲಿ ಹೇಗೆ ಬಂತೋ ನಾನರಿಯೆನು. ನಮ್ಮ ಕರ್ತನು ಬಡಗಿಯ ಮನೆಯಲ್ಲಿ ಬೆಳೆದನು. ಗಮಲಿಯೇಲನ ಪಾದಗಳ ಬಳಿಯಲ್ಲಿ ಓದಿದ ಪೌಲನು ಗುಡಾರ ಹೊಲಿದು ಜೀವಿಸಿದನು. ಕನ್ನಡ ನಾಡಿನಲ್ಲಿಯೂ ಇದಕ್ಕೆ ಸಾಕ್ಷಿ ಉಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿಗೆ ಸೇರಿದ ಮೋಗ್ಲಿಂಗರು 1843ರಲ್ಲಿ ಕನ್ನಡದ ಮೊದಲನೆಯ ವರ್ತಮಾನ ಪತ್ರಿಕೆಯಾದ ಮಂಗಳೂರು ಸಮಾಚಾರವನ್ನು ಹೊರಡಿಸಿದರು; ಅದೇ ಮಿಶನ್ನಿನವರು 1851ರಲ್ಲಿ ನೇಯ್ಗೆಯ ಕೆಲಸವನ್ನೂ 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದರು. ಅಚ್ಚಿನ ಮೊಳೆ ಜೋಡಿಸಿದವನೂ ಹಂಚು ಸುಟ್ಟವನೂ ಒಂದೇ ಆಲಯದಲ್ಲಿ ಒಂದೇ ರೊಟ್ಟಿಯಲ್ಲಿ ಪಾಲುಗಾರರಾದರು. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರನ್ನೂ ನೆನಸಿರಿ. ಅವರು ಸಂಸ್ಕೃತದಲ್ಲಿ ಮಹಾ ವಿದ್ವಾಂಸರು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವೆಂಬ ವಸತಿ ಶಾಲೆಯನ್ನು ವಿಧವೆಯರಿಗಾಗಿ ತೆರೆದರು. ಮುಂದೆ ಕೇಡಗಾವಿನ ಮುಕ್ತಿ ಸದನದಲ್ಲಿ ಬರದಿಂದ ನಿರ್ಗತಿಕರಾದ ಹೆಣ್ಣುಮಕ್ಕಳಿಗೆ ಓದುಬರಹದ ಸಂಗಡ ನೇಯ್ಗೆಯನ್ನೂ ಅಚ್ಚಿನ ಕೆಲಸವನ್ನೂ ಕಲಿಸಿದರು. ಇಷ್ಟು ದೊಡ್ಡ ವಿದ್ವಾಂಸರಾದ ಆಕೆ ಎಲ್ಲಾ ಹುಡುಗಿಯರಿಗೂ ತನ್ನ ಅಳತೆಯ ಅಂಗಿಯನ್ನೇ ತೊಡಿಸಬೇಕೆಂದು ಹಟ ಮಾಡಲಿಲ್ಲ.

ಪ್ರಿಯರೇ, ಇಲ್ಲಿ ನಾನು ನನ್ನ ಒಂದು ತಪ್ಪನ್ನು ನಿಮ್ಮ ಮುಂದೆ ಅರಿಕೆ ಮಾಡಬೇಕಾಗಿದೆ.

ಕೆಲವು ವರುಷಗಳ ಹಿಂದೆ ನಾನು ಸೇವೆ ಮಾಡುತ್ತಿದ್ದ ಒಂದು ಸಭೆಯಲ್ಲಿ ಗೌಂಡಿ ಕೆಲಸದವರೊಬ್ಬರ ಮಗನು ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಒಳ್ಳೇ ಅಂಕಗಳನ್ನು ಪಡೆದನು. ಊರಲ್ಲಿ ಯಾರ ನೀರಿನ ಮೋಟಾರು ಕೆಟ್ಟರೂ ಆ ಹುಡುಗನನ್ನು ಕರೆಯುತ್ತಿದ್ದರು; ಅವನು ಅದನ್ನು ಬಿಚ್ಚಿ, ಸುಟ್ಟ ತಂತಿಯನ್ನು ಹುಡುಕಿ, ತಿರಿಗಿ ಕೂಡಿಸುತ್ತಿದ್ದನು. ಡಿಪ್ಲೊಮಾ ಓದಬೇಕೆಂದು ಅವನಿಗೆ ಆಶೆ ಇತ್ತು. ಒಂದು ಸಾಯಂಕಾಲ ಅವನು ನನ್ನ ಬಳಿಗೆ ಬಂದು ಅದನ್ನು ಹೇಳುವದಕ್ಕೆ ಬಾಯಿ ತೆರೆದನು. ನಾನಾದರೋ ಕೇಳುವ ಮೊದಲೇ ಅವನ ಬೆನ್ನು ತಟ್ಟಿ, "ನೀನು ನಮ್ಮ ಸಭೆಯ ಮೊದಲನೆಯ ಡಾಕ್ಟರನಾಗಬೇಕಪ್ಪಾ" ಎಂದೆನು. ಅಷ್ಟು ಮಾತ್ರವಲ್ಲ, ಮುಂದಿನ ಭಾನುವಾರ ಪ್ರಸಂಗಪೀಠದಿಂದ ಅದನ್ನೇ ಸಾರಿದೆನು. ಸಭೆಯವರು ಹರ್ಷಿಸಿದರು. ತಂದೆಯು ಸಾಲ ತೆಗೆದು ಮಗನನ್ನು ಪಟ್ಟಣದ ಒಂದು ಹಾಸ್ಟೆಲಿಗೆ ಸೇರಿಸಿ ವಿಜ್ಞಾನ ಓದುವದಕ್ಕೆ ಕಳುಹಿಸಿದನು.

ಪ್ರತಿ ಭಾನುವಾರ ಹುಡುಗನು ಫೋನು ಮಾಡಿ, ಚೆನ್ನಾಗಿದ್ದೇನೆ, ಚೆನ್ನಾಗಿ ಓದುತ್ತಿದ್ದೇನೆ ಎಂದು ಹೇಳುತ್ತಿದ್ದನು. ಕ್ರಿಸ್ಮಸ್ಸಿಗೆ ಮನೆಗೆ ಬಂದಾಗ ಇಳಿದುಹೋಗಿದ್ದನು. ಆಲಯದಲ್ಲಿ ಹಿಂದಿನ ಸಾಲಿನಲ್ಲಿ ಕೂತು ಹಾಡದೆ ಇದ್ದನು. ನಾನು ಅದನ್ನು ಕಂಡೂ ಕಾಣದವನ ಹಾಗಿದ್ದೆನು. ವರುಷದ ಕೊನೆಯಲ್ಲಿ ಮೂರು ವಿಷಯಗಳಲ್ಲಿ ತಪ್ಪಿ ಹೋದನು. ಆ ರಾತ್ರಿ ಅವನು ನನ್ನ ಮನೆಯ ಜಗಲಿಯಲ್ಲಿ ಕೂತು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. "ಅಯ್ಯನವರೇ, ಮೊದಲನೆಯ ತಿಂಗಳಲ್ಲಿಯೇ ನನ್ನಿಂದಾಗದೆಂದು ನನಗೆ ತಿಳಿದಿತ್ತು. ಆದರೆ ನೀವು ದೇವರ ಆಲಯದಲ್ಲಿ ನಿಂತು ಹೇಳಿದ್ದಿರಿ. ಅದನ್ನು ನಾನು ಹೇಗೆ ಸುಳ್ಳು ಮಾಡಲಿ?" ಎಂದನು.

ನನ್ನ ಮಾತನ್ನು ಸತ್ಯ ಮಾಡುವದಕ್ಕೋಸ್ಕರ ಆ ಹುಡುಗನು ಒಂದು ವರುಷ ತನ್ನ ತಂದೆತಾಯಿಗಳಿಗೆ ಸುಳ್ಳು ಹೇಳಿದನು. ಮರುದಿನ ನಾನು ಅವನೊಡನೆ ಅವನ ತಂದೆಯ ಬಳಿಗೆ ಹೋಗಿ, ತಪ್ಪು ನಿನ್ನ ಮಗನದಲ್ಲ, ನನ್ನದು ಎಂದು ಹೇಳಿದೆನು. ಮುಂದೆ ಅವನು ಡಿಪ್ಲೊಮಾ ಸೇರಿ ಅದನ್ನು ಮುಗಿಸಿ ಈಗ ತನ್ನ ದುಡಿಮೆಯಿಂದ ಮನೆ ನಡಿಸುತ್ತಾನೆ. ಆದರೆ ಆ ಸಾಲವನ್ನು ತೀರಿಸುವದಕ್ಕೆ ಅವನ ತಂದೆಗೆ ಎರಡು ವರುಷ ಹಿಡಿಯಿತು. ಸೌಲನು ತನ್ನ ಯುದ್ಧದ ಕವಚವನ್ನು ದಾವೀದನಿಗೆ ತೊಡಿಸಿದ್ದನ್ನು ನಾನು ಎಷ್ಟೋ ಸಾರಿ ಪ್ರಸಂಗಿಸಿದ್ದೆನು. ದಾವೀದನಿಗೆ ಅದನ್ನು ಕಳಚಿ ಅರಸನ ಮುಂದೆ ಇಡುವ ಧೈರ್ಯವಿತ್ತು. ಎಲ್ಲಾ ಮಕ್ಕಳಿಗೂ ಆ ಧೈರ್ಯವಿರುವದಿಲ್ಲ. ಆದದರಿಂದ ತೊಡಿಸುವವರೇ ಮೊದಲು ಅಳತೆ ನೋಡಬೇಕು.

ಅರ್ಜಿಯನ್ನು ತುಂಬುವ ಮೊದಲು ಒಂದು ರಾತ್ರಿ ಊಟವಾದ ಮೇಲೆ ಮಗುವನ್ನು ಹತ್ತಿರ ಕೂಡಿಸಿಕೊಂಡು ಕೇಳಿರಿ: ಯಾರೂ ಹೇಳದೆ ನೀನಾಗಿಯೇ ತೆರೆದು ಓದುವ ಪುಸ್ತಕ ಯಾವದು? ಬರೀ ಬಾಯಿಪಾಠ ಮಾಡಿ ಅಂಕ ತೆಗೆದು ಮರೆತುಬಿಟ್ಟ ವಿಷಯ ಯಾವದು? ಯಾವ ಕೆಲಸದಲ್ಲಿ ಹೊತ್ತು ಹೋದದ್ದು ನಿನಗೆ ತಿಳಿಯುವದಿಲ್ಲ? ಉತ್ತರ ಬರುವ ವರೆಗೆ ಸುಮ್ಮನಿರಿ. ಮಗುವಿನ ಮೌನವನ್ನು ಒಪ್ಪಿಗೆಯೆಂದು ತಿಳಿಯಬೇಡಿರಿ. ಅನಂತರ ಅವನಿಗೆ ಕಲಿಸಿದ ಶಿಕ್ಷಕರನ್ನು ವಿಚಾರಿಸಿರಿ. ಕಡೆಗೆ ಖರ್ಚಿನ ಲೆಕ್ಕ ಮಾಡಿರಿ. ಬುರುಜು ಕಟ್ಟಬೇಕೆಂಬವನು ಮೊದಲು ಕೂತುಕೊಂಡು ಲೆಕ್ಕ ನೋಡಬೇಕೆಂದು ಕರ್ತನು ಕಲಿಸಿದ್ದಾನಷ್ಟೆ. ಮೊದಲನೆಯ ವರುಷದ ಫೀಜು ಮಾತ್ರವಲ್ಲ, ದಾರಿಯ ಕೊನೆಯ ವರೆಗಿನ ಖರ್ಚನ್ನು ಎಣಿಸಿರಿ. ಸರಕಾರದ ವಿದ್ಯಾರ್ಥಿವೇತನಕ್ಕೆ ಬೇಕಾದ ಆದಾಯ ಪ್ರಮಾಣಪತ್ರ ಮೊದಲಾದವುಗಳನ್ನು ಮುಂಚೆಯೇ ಮಾಡಿಸಿಡಿರಿ.

ಕೇಳಿದ ಮಾತ್ರಕ್ಕೆ ಮಗುವು ಹೇಳಿದ್ದೆಲ್ಲಾ ನಡೆಯಬೇಕೆಂದು ನಾನು ಹೇಳುವದಿಲ್ಲ. ಗೆಳೆಯನು ಸೇರಿದನೆಂಬ ಒಂದೇ ಕಾರಣದಿಂದ ತಾನೂ ಅದೇ ವಿಷಯ ಬೇಕೆನ್ನುವ ಮಕ್ಕಳುಂಟು. ಕಷ್ಟವೆಂದು ಹೆದರಿ ಒಳ್ಳೇ ದಾರಿಯನ್ನು ಬಿಡುವ ಮಕ್ಕಳುಂಟು. ವಿಜ್ಞಾನ ಓದಿದವನು ಮುಂದೆ ಕಲೆಗೂ ವಾಣಿಜ್ಯಕ್ಕೂ ಬರಬಹುದು, ಆದರೆ ಗಣಿತ ಜೀವಶಾಸ್ತ್ರಗಳನ್ನು ಬಿಟ್ಟವನು ಎಂಜಿನಿಯರಿಂಗಿಗೂ ವೈದ್ಯಕೀಯಕ್ಕೂ ಹೋಗುವದು ಕಷ್ಟ. ಇಂಥಾ ಸಂಗತಿಗಳನ್ನು ಮಗುವಿಗೆ ತಿಳಿಸುವದು ಹಿರಿಯರ ಕೆಲಸ. ಹೆಣ್ಣುಮಗಳಾದರೆ ನರ್ಸಿಂಗ್ ಒಂದೇ ಎಂದು ಮೊದಲೇ ತೀರ್ಮಾನಿಸುವದನ್ನೂ ಬಿಡಿರಿ. ಅದು ಉತ್ತಮವಾದ ಸೇವೆಯೇ ಸರಿ, ಆದರೆ ಅದಕ್ಕೆ ಕರೆಯಲ್ಪಟ್ಟವಳಿಗೆ ಮಾತ್ರ.

2. ಅಂಗಿಯನ್ನು ಹೊರಡುವ ಮೊದಲೇ ಹೊಲಿಯಿರಿ

ಹನ್ನಳು ಶೀಲೋವಿಗೆ ಹೋಗಿ ಅಲ್ಲಿ ಹೊಲಿಯಲಿಲ್ಲ. ಮನೆಯಲ್ಲಿಯೇ ಹೊಲಿದು ತೆಗೆದುಕೊಂಡು ಹೋದಳು. ಹಾಸ್ಟೆಲಿನಲ್ಲಿ ಮಗುವನ್ನು ಕಾಯತಕ್ಕದ್ದು ಮನೆಯಲ್ಲಿಯೇ ಸಿದ್ಧವಾಗಬೇಕು.

ದಾನಿಯೇಲನನ್ನು ನೋಡಿರಿ. ಅವನೂ ಅವನ ಮೂವರು ಗೆಳೆಯರೂ ಸೆರೆಯವರಾಗಿ ಬಾಬೆಲಿಗೆ ಒಯ್ಯಲ್ಪಟ್ಟರು. ಅಲ್ಲಿ ಮೂರು ವರುಷ ಕಸ್ದೀಯರ ಭಾಷೆಯನ್ನೂ ವಿದ್ಯೆಯನ್ನೂ ಕಲಿಯಬೇಕೆಂದು ಅರಸನ ಅಪ್ಪಣೆಯಾಯಿತು. ಅದೂ ಒಂದು ವಸತಿ ಶಾಲೆಯೇ. ಅಲ್ಲಿ ಭಾಷೆ ಬೇರೆ, ಊಟ ಬೇರೆ, ಹೆಸರು ಸಹ ಬೇರೆ. ದಾನಿಯೇಲನು ಆ ವಿದ್ಯೆಯನ್ನು ಬೇಡವೆನ್ನಲಿಲ್ಲ. ಎಲ್ಲರಿಗಿಂತ ಚೆನ್ನಾಗಿ ಕಲಿತನು. ಆದರೆ ಮನಸ್ಸಾಕ್ಷಿಗೆ ವಿರೋಧವಾದದ್ದನ್ನು ಉಣ್ಣಲಾರೆನೆಂದು ನಿಶ್ಚಯಿಸಿದನು. ಆ ನಿಶ್ಚಯವನ್ನು ಜಗಳ ಮಾಡಿ ಸಾಧಿಸದೆ, ಮೇಲ್ವಿಚಾರಕನ ಬಳಿಗೆ ವಿನಯದಿಂದ ಹೋಗಿ, ಹತ್ತು ದಿನ ಕಾಯಿಪಲ್ಯವನ್ನೂ ನೀರನ್ನೂ ಕೊಟ್ಟು ಪರೀಕ್ಷಿಸಬೇಕೆಂದು ಕೇಳಿಕೊಂಡನು. ಕಲಿಯತಕ್ಕದ್ದನ್ನು ಕಲಿಯುವದು, ಬಿಡತಕ್ಕದ್ದನ್ನು ಬಿಡುವದು, ಬೇಕಾದದ್ದನ್ನು ಹಿರಿಯರ ಹತ್ತಿರ ಮರ್ಯಾದೆಯಿಂದ ಕೇಳುವದು, ನಂಬತಕ್ಕ ಗೆಳೆಯರನ್ನು ಕೂಡಿಕೊಳ್ಳುವದು, ಈ ನಾಲ್ಕೂ ಅವನಿಗೆ ಬಾಬೆಲಿನಲ್ಲಿ ಹುಟ್ಟಲಿಲ್ಲ. ಯೆಹೂದದ ಮನೆಯಿಂದ ಅವನೊಡನೆ ಬಂದವು.

ಈ ಬೇಸಿಗೆಯಲ್ಲಿ ಉಳಿದಿರುವ ದಿನಗಳನ್ನು ಹೀಗೆ ಉಪಯೋಗಿಸಿರಿ. ಮಗನಾಗಲಿ ಮಗಳಾಗಲಿ ತನ್ನ ಬಟ್ಟೆಯನ್ನು ತಾನೇ ಒಗೆಯಲಿ, ಗುಂಡಿ ಹಚ್ಚಲಿ, ಹಾಸಿಗೆ ಮಡಿಸಲಿ, ಉಂಡ ತಟ್ಟೆಯನ್ನು ತೊಳೆಯಲಿ. ಗಂಟೆ ಬಾರಿಸಿದ ಕೂಡಲೇ ಏಳುವದು ಅಭ್ಯಾಸವಾಗಲಿ. ಮನೆಯಲ್ಲಿ ಎಂಟು ಗಂಟೆಯ ವರೆಗೆ ಮಲಗಿದ ಮಗುವಿಗೆ ಹಾಸ್ಟೆಲಿನ ಐದು ಗಂಟೆ ಶಿಕ್ಷೆಯಂತೆ ತೋರುವದು. ಜೋಳದ ರೊಟ್ಟಿ ಉಂಡು ಬೆಳೆದವನಿಗೆ ಅಲ್ಲಿ ಮೂರು ಹೊತ್ತು ಅನ್ನ ಸಿಕ್ಕೀತು. ಇದ್ದದ್ದನ್ನು ಸ್ತೋತ್ರ ಮಾಡಿ ಉಣ್ಣುವದನ್ನು ಕಲಿಸಿರಿ. ಕೈಗೆ ಸ್ವಲ್ಪ ಹಣ ಕೊಟ್ಟು, ಖರ್ಚನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡುವಂತೆ ಹೇಳಿರಿ. ಬಟ್ಟೆಗಳ ಮೇಲೆಯೂ ತಟ್ಟೆ ಲೋಟಗಳ ಮೇಲೆಯೂ ಹೆಸರು ಗುರುತು ಮಾಡಿರಿ. ಟ್ರಂಕಿಗೆ ಎರಡು ಕೀಲಿಕೈಯುಳ್ಳ ಬೀಗವನ್ನು ಕೊಡಿರಿ.

ಕನ್ನಡದಲ್ಲಿ ಓದಿದ ಮಗು ವಿಜ್ಞಾನಕ್ಕೆ ಹೋಗುವದಾದರೆ, ಹೆಚ್ಚಿನ ಕಡೆಗಳಲ್ಲಿ ಪಾಠವು ಇಂಗ್ಲಿಷಿನಲ್ಲಿ ನಡೆಯುವದೆಂದು ಮುಂಚಿತವಾಗಿ ತಿಳಿದಿರಲಿ. ಅವನು ತನ್ನ ಹತ್ತನೆಯ ತರಗತಿಯ ವಿಜ್ಞಾನವನ್ನೇ ಇಂಗ್ಲಿಷ್ ಪುಸ್ತಕದಲ್ಲಿ ಇನ್ನೊಂದಾವರ್ತಿ ಓದಲಿ. ತಿಳಿದ ವಿಷಯವನ್ನೇ ತಿಳಿಯದ ಭಾಷೆಯಲ್ಲಿ ಓದಿದರೆ ಭಾಷೆಯು ಬೇಗ ಒಲಿಯುವದು. ಮೊದಲನೆಯ ಮೂರು ತಿಂಗಳು ಏನೂ ತಿಳಿಯದಂತೆ ತೋರಿದರೆ ಅದು ದಡ್ಡತನವಲ್ಲ, ಭಾಷೆಯ ತೊಡಕು ಎಂದು ಅವನಿಗೆ ಈಗಲೇ ಹೇಳಿಡಿರಿ. ದಾನಿಯೇಲನಿಗೂ ಕಸ್ದೀಯರ ಭಾಷೆಯು ಒಂದೇ ದಿನದಲ್ಲಿ ಬರಲಿಲ್ಲ. ಅವನಿಗೆ ಮೂರು ವರುಷಗಳ ಕಾಲ ನೇಮಿಸಲ್ಪಟ್ಟಿತ್ತು.

ತಾಯಂದಿರಿಗೆ ಒಂದು ಮಾತು. ಹತ್ತು ಹನ್ನೊಂದು ವರುಷದ ಹೆಣ್ಣುಮಕ್ಕಳು ಆರನೆಯ ತರಗತಿಗೆ ಹೋಗುತ್ತಾರೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ ನವೋದಯ ವಿದ್ಯಾಲಯಗಳಿಗೂ ಪ್ರವೇಶ ಪರೀಕ್ಷೆ ಬರೆದು ಸೇರುವದು ಈ ವಯಸ್ಸಿನಲ್ಲಿಯೇ. ಅಲ್ಲಿ ಇರುವಾಗಲೇ ಅವರು ದೊಡ್ಡವರಾಗುವರು. ತಿಂಗಳ ಮುಟ್ಟಿನ ಸಂಗತಿಯನ್ನು ನಾಚದೆ ನೀವೇ ತಿಳಿಸಿ, ಬೇಕಾದ ಬಟ್ಟೆಯನ್ನು ಟ್ರಂಕಿನಲ್ಲಿಟ್ಟು ಕಳುಹಿಸಿರಿ. ನೀವು ಹೇಳದಿದ್ದರೆ ಮಗುವು ಕತ್ತಲೆಯಲ್ಲಿ ಒಂಟಿಯಾಗಿ ಹೆದರಿ ಅಳುವದು. ಇದು ದೇವರು ಉಂಟುಮಾಡಿದ ಶರೀರದ ಕ್ರಮವೇ ಹೊರತು ನಾಚಿಕೆಯ ಸಂಗತಿಯಲ್ಲ.

ಪ್ರಾರ್ಥನೆಯ ವಿಷಯದಲ್ಲಿಯೂ ಹಾಗೆಯೇ. ಮನೆಯಲ್ಲಿ ಕುಟುಂಬ ಪ್ರಾರ್ಥನೆ ಇಲ್ಲದೆ ಬೆಳೆದ ಮಗುವಿಗೆ ಟ್ರಂಕಿನಲ್ಲಿ ಹೊಸ ಸತ್ಯವೇದವನ್ನಿಟ್ಟು ಕಳುಹಿಸಿದರೆ ಅದು ಟ್ರಂಕಿನ ತಳದಲ್ಲಿಯೇ ಉಳಿಯುವದು. ಈ ರಾತ್ರಿಯಿಂದಲೇ ದೀಪದ ಬಳಿ ಕೂಡಿರಿ. ಬೇರೆ ಮತದ ಮಕ್ಕಳ ಸಂಗಡ ಒಂದೇ ಕೋಣೆಯಲ್ಲಿರುವಾಗ ಅವರ ಪೂಜೆಯನ್ನು ಹಾಸ್ಯ ಮಾಡದೆ, ತನ್ನ ಪ್ರಾರ್ಥನೆಯನ್ನು ಮರೆಮಾಡದೆ ಇರುವದನ್ನು ಕಲಿಸಿರಿ. ದಾನಿಯೇಲನು ತನ್ನ ಮೇಲ್ವಿಚಾರಕನ ಮನಸ್ಸನ್ನು ಗೆದ್ದದ್ದು ಮಾತಿನ ಸೌಮ್ಯತೆಯಿಂದ.

3. ವರುಷ ವರುಷವೂ ಅಂಗಿ ತೆಗೆದುಕೊಂಡು ಹೋಗಿರಿ

ಹನ್ನಳು ಮಗನನ್ನು ದೇವರಿಗೆ ಒಪ್ಪಿಸಿದಳು, ಆದರೆ ಮರೆತುಬಿಡಲಿಲ್ಲ. ಮಗುವನ್ನು ಹಾಸ್ಟೆಲಿಗೆ ಸೇರಿಸಿದ ದಿನವೇ ತಮ್ಮ ಭಾರ ಇಳಿಯಿತೆಂದು ತಿಳಿಯುವ ತಂದೆತಾಯಿಗಳು ಈ ಮಾತನ್ನು ಕೇಳಿರಿ.

ಮೊದಲನೆಯ ಎರಡು ಮೂರು ವಾರ ಮಕ್ಕಳು ಅಳುವದು ಸಹಜ. ಅಳು ಕೇಳಿದ ಮಾತ್ರಕ್ಕೆ ಓಡಿಹೋಗಿ ಮನೆಗೆ ಕರೆತರಬೇಡಿರಿ. ಗಿಡವನ್ನು ನೆಟ್ಟ ಮೇಲೆ ದಿನಾ ಕಿತ್ತು ನೋಡಿದರೆ ಅದು ಬೇರೂರುವದಿಲ್ಲ. ಆದರೆ ಅಳುವಿನಲ್ಲಿ ಭೇದ ಉಂಟು. ಮನೆಯ ನೆನಪಿನಿಂದ ಅಳುವ ಮಗು ದಿನದಿಂದ ದಿನಕ್ಕೆ ಸಮಾಧಾನ ಹೊಂದುತ್ತದೆ. ಭಯದಿಂದ ಅಳುವ ಮಗು ದಿನದಿಂದ ದಿನಕ್ಕೆ ಮಾತು ಕಡಿಮೆ ಮಾಡುತ್ತದೆ, ಊಟ ಬಿಡುತ್ತದೆ, ಒಬ್ಬ ಮನುಷ್ಯನ ಹೆಸರು ಬಂದರೆ ಮುಖ ತಿರುಗಿಸುತ್ತದೆ. ಅಂಥಾ ಮೌನವನ್ನು ಕಂಡರೆ ಒಂದು ದಿನವೂ ತಡಮಾಡಬೇಡಿರಿ.

ಶೀಲೋವು ದೇವರ ಆಲಯವಿದ್ದ ಸ್ಥಳ. ಆದರೂ ಏಲಿಯ ಮಕ್ಕಳಾದ ಹೊಫ್ನಿ ಫೀನೆಹಾಸರು ಆ ಆಲಯದ ಬಾಗಿಲಲ್ಲಿಯೇ ಸ್ತ್ರೀಯರನ್ನು ಕೆಡಿಸುತ್ತಿದ್ದರು. ಏಲಿಯು ಕೇಳಿದರೂ ಬರೀ ಮಾತಿನಿಂದ ಗದರಿಸಿ ಬಿಟ್ಟನು. ದೇವರು ಅದನ್ನು ಕ್ಷಮಿಸಲಿಲ್ಲ. ಹಾಗಾದರೆ ಹಾಸ್ಟೆಲಿನ ಬಾಗಿಲ ಮೇಲೆ ಶಿಲುಬೆ ಇದೆ, ಅದನ್ನು ನಡಿಸುವವರು ನಮ್ಮವರು ಎಂಬ ಮಾತು ನಮ್ಮ ಕಣ್ಣುಗಳನ್ನು ಮುಚ್ಚಬಾರದು. ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕಿನ ಕಾಯ್ದೆಯು ನಿಷೇಧಿಸಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ 2012ರ ಪೋಕ್ಸೋ ಕಾಯ್ದೆಯು ಕಠಿಣ ಶಿಕ್ಷೆಯನ್ನು ವಿಧಿಸುತ್ತದೆ. 1098 ಎಂಬ ಮಕ್ಕಳ ಸಹಾಯವಾಣಿಗೆ ಹಗಲೂ ರಾತ್ರಿಯೂ ಖರ್ಚಿಲ್ಲದೆ ಫೋನು ಮಾಡಬಹುದು. ಈ ನಾಲ್ಕು ಅಂಕೆಗಳನ್ನು ನಿಮ್ಮ ಮಗುವಿಗೆ ಬಾಯಿಪಾಠ ಮಾಡಿಸಿರಿ. ನಿನ್ನ ಮೈ ದೇವರ ಆಲಯ. ಯಾರಾದರೂ, ಅವರು ಎಷ್ಟೇ ದೊಡ್ಡವರಾದರೂ, ಕೆಟ್ಟದಾಗಿ ಮುಟ್ಟಿದರೆ ನಮಗೆ ಹೇಳು. ನಾವು ನಿನ್ನನ್ನು ಬೈಯುವದಿಲ್ಲ, ನಿನ್ನ ಮಾತನ್ನು ನಂಬುತ್ತೇವೆ ಎಂದು ತಿಳಿಸಿರಿ. ಸಭೆಯ ಮರ್ಯಾದೆ ಹೋಗುವದೆಂದು ಇಂಥಾ ಸಂಗತಿಯನ್ನು ಮುಚ್ಚುವವನು ಏಲಿಯ ಪಾಪದಲ್ಲಿ ಪಾಲುಗಾರನು.

ತಿಂಗಳಿಗೊಮ್ಮೆಯಾದರೂ, ಅದು ಆಗದಿದ್ದರೆ ಎರಡು ತಿಂಗಳಿಗೊಮ್ಮೆಯಾದರೂ ಹೋಗಿ ಮಗುವಿನ ಮುಖ ನೋಡಿರಿ. ಒಂದು ದಿನದ ಕೂಲಿ ಹೋಗುವದು ನಿಜ, ಆದರೆ ಫೋನಿನಲ್ಲಿ ಕೇಳಿದ "ಚೆನ್ನಾಗಿದ್ದೇನೆ" ಎಂಬ ಮಾತು ಎಷ್ಟರ ಮಟ್ಟಿಗೆ ಸತ್ಯವೆಂಬದನ್ನು ನಾನು ಕಲಿತಿದ್ದೇನೆ. ಹೋದಾಗ ಅಂಕಗಳನ್ನು ಮೊದಲು ಕೇಳಬೇಡಿರಿ. ಏನು ಉಂಡೆ, ಯಾರ ಸಂಗಡ ಮಲಗುತ್ತೀ, ನಿನ್ನನ್ನು ನಗಿಸಿದ್ದು ಯಾವದು, ಅಳಿಸಿದ್ದು ಯಾವದು ಎಂದು ಕೇಳಿರಿ. ಅಂಗಿಯ ಅಳತೆಯನ್ನು ಇನ್ನೊಂದಾವರ್ತಿ ನೋಡಿರಿ. ಮಗುವು ಬೆಳೆದಿರಬಹುದು, ಅಥವಾ ನೀವು ಕತ್ತರಿಸಿದ್ದು ಬಿಗಿಯಾಗಿರಬಹುದು. ಹೊಲಿದ ಅಂಗಿಯನ್ನು ಬಿಚ್ಚಿ ಸರಿಮಾಡುವದರಲ್ಲಿ ಅವಮಾನವಿಲ್ಲ. ಒಂದು ವರುಷ ಕಳೆದರೂ ಮಗುವನ್ನು ಕಳೆದುಕೊಳ್ಳದೆ ಇರುವದು ಲಾಭವೇ.

ಕಡೇ ಮಾತು

ಮೂರನೆಯ ಅಧ್ಯಾಯದ ಆ ರಾತ್ರಿಯನ್ನು ನೆನಪಿಗೆ ತಂದುಕೊಳ್ಳಿರಿ. ಆಲಯದಲ್ಲಿ ಮಲಗಿದ್ದ ಸಮುವೇಲನನ್ನು ಕರ್ತನು ಹೆಸರು ಹಿಡಿದು ಕರೆದನು. ಹುಡುಗನು ಎದ್ದು ಓಡಿದ್ದು ಏಲಿಯ ಬಳಿಗೆ. ಒಂದಲ್ಲ, ಎರಡಲ್ಲ, ಮೂರು ಸಾರಿ ಹಾಗೆಯೇ ಆಯಿತು. ಮಕ್ಕಳ ಸ್ವಭಾವವೇ ಅಂಥದು. ಕರೆದವನು ದೇವರಾದರೂ ಹಿರಿಯರ ಸ್ವರವೆಂದು ತಿಳಿಯುತ್ತಾರೆ, ಹಿರಿಯರು ಕರೆದರೂ ದೇವರ ಸ್ವರವೆಂದು ತಿಳಿಯುತ್ತಾರೆ. ನನ್ನ ಜಗಲಿಯಲ್ಲಿ ಕೂತು ಅತ್ತ ಆ ಹುಡುಗನು ನನ್ನ ಸ್ವರವನ್ನು ಹಾಗೆಯೇ ತಿಳಿದಿದ್ದನು.

ಏಲಿಯಲ್ಲಿ ಎಷ್ಟೋ ತಪ್ಪುಗಳಿದ್ದವು. ಆ ರಾತ್ರಿ ಮಾತ್ರ ಅವನು ಸರಿಯಾದದ್ದನ್ನು ಮಾಡಿದನು. ಕಣ್ಣು ಮೊಬ್ಬಾದ ಆ ಮುದುಕನು, ನಿನ್ನನ್ನು ಕರೆದವನು ನಾನಲ್ಲ ಎಂದು ಹುಡುಗನಿಗೆ ಹೇಳಿದನು. ಕರೆಯುವವನು ಯಾರೆಂದು ಗ್ರಹಿಸಿ, ತಿರಿಗಿ ಹೋಗಿ ಮಲಗಿಕೊಂಡು ಕಿವಿಗೊಡುವಂತೆ ಕಲಿಸಿದನು. ಕರೆಯೇನೆಂಬದನ್ನು ತಾನು ಊಹಿಸಿ ಹೇಳಲಿಲ್ಲ. ಮಗುವಿನ ಮುಂದಿನ ವಿದ್ಯೆಯನ್ನು ಆರಿಸುವ ಈ ವಾರದಲ್ಲಿ ತಂದೆಯೂ ತಾಯಿಯೂ ಉಪದೇಶಿಯೂ ಮಾಡತಕ್ಕದ್ದು ಇಷ್ಟೇ. ಮಗುವಿಗೆ ಬದಲಾಗಿ ನಾವು ಉತ್ತರ ಕೊಡದೆ, ಅದು ತನ್ನ ಕಿವಿಯಿಂದ ಕೇಳುವಂತೆ ದಾರಿ ಬಿಡೋಣ.

ಇಂದು ರಾತ್ರಿ ಟ್ರಂಕಿನ ಮುಚ್ಚಳವನ್ನು ಹಾಕುವ ಮೊದಲು ಮೂಲೆಯಲ್ಲಿ ಕೂತಿರುವ ಆ ಮಗುವನ್ನು ಹತ್ತಿರಕ್ಕೆ ಕರೆಯಿರಿ. ಅಳತೆ ನೋಡಿರಿ.

ಪ್ರಾರ್ಥನೆ: ಪರಲೋಕದ ತಂದೆಯೇ, ನಮ್ಮ ಮಕ್ಕಳು ನಮ್ಮವರಾಗುವ ಮೊದಲೇ ನಿನ್ನವರು. ನಮ್ಮ ಹೆಮ್ಮೆಯಿಂದ ಅವರನ್ನು ಬಿಡಿಸು. ದೂರ ಹೋಗುವವರನ್ನು ಕಾಯಿ. ಅವರ ಬಳಿಯಲ್ಲಿರುವ ಹಿರಿಯರಿಗೆ ಶುದ್ಧ ಹೃದಯವನ್ನು ಕೊಡು. ಅವರು ಸುಮ್ಮನಿರುವಾಗ ಅವರ ಮನಸ್ಸನ್ನು ತಿಳಿಯುವ ಪ್ರೀತಿಯನ್ನೂ, ನಾವು ತಪ್ಪಿದಾಗ ಅವರ ಮುಂದೆ ಒಪ್ಪಿಕೊಳ್ಳುವ ದೀನತೆಯನ್ನೂ ನಮಗೆ ಅನುಗ್ರಹಿಸು. ನಮ್ಮ ಕರ್ತನಾದ ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.